ಕೊನೆಯ ಬೋಗಿಯ ದೀಪ

ಬೆಟ್ಟವನ್ನು ವ್ಯಾನಿನಿಂದ ಇಳಿಸುವಾಗ ನೆವಿಲ್ ಥ್ಯಾಕ್ರೆಯ ಎಡಮಂಡಿ ಎಂದಿನಂತೆ ಕೈಕೊಟ್ಟಿತು. ಬೆಟ್ಟವೆಂದರೆ ಮಹಾ ಬೆಟ್ಟವೇನಲ್ಲ. ಊಟದ ಮೇಜಿನಷ್ಟು ದೊಡ್ಡ ಹಲಗೆಯ ಮೇಲೆ ತಂತಿಬಲೆ ಬಗ್ಗಿಸಿ, ಹಳೇ ಪೇಪರು ಅಂಟಿಸಿ, ಪ್ಲಾಸ್ಟರ್ ಮೆತ್ತಿ, ಮೇಲೆ ಹುಲ್ಲು ಕೂರಿಸಿದ್ದು. ಅದರ ಹೊಟ್ಟೆಯೊಳಗೆ ಒಂದು ಸುರಂಗ, ಸುರಂಗದಲ್ಲಿ ಹೋಗುವುದಕ್ಕೊಂದು ಬರುವುದಕ್ಕೊಂದು ಹಳಿ. ಆದರೆ ಒಂದು ತುದಿ ಹಿಡಿದವನಿಗೂ ಇನ್ನೊಂದು ತುದಿ ಹಿಡಿದವಳಿಗೂ ಎಪ್ಪತ್ತು ದಾಟಿದ್ದರೆ ಅಂಥ ಬೆಟ್ಟವೂ ಬೆಟ್ಟವೇ.

"ಸ್ವಲ್ಪ ನಿಲ್ಲು," ಎಂದ ನೆವಿಲ್.

"ಪ್ರತಿ ವರ್ಷ ಇದೇ ಬಾಗಿಲಲ್ಲಿ ನಿಲ್ಲಿಸ್ತೀಯ," ಎಂದಳು ಮಾರ್ಜರಿ. "ಇಲ್ಲೇ ಒಂದು ಸ್ಟೇಷನ್ ಕಟ್ಟಿಬಿಡು ಮಾರಾಯ. ಅನುಕೂಲ ಆಗುತ್ತೆ."

ಕ್ಲೆಗ್‌ಡೆನ್ ಊರಿನ ಮಾದರಿ ರೈಲು ಸಂಘಕ್ಕೆ ಮಾರ್ಜರಿ ಕಾರ್ಯದರ್ಶಿ. ಚಹಾ ಕಾಯಿಸುವವಳೂ ಅವಳೇ, ಸಭೆಯಲ್ಲಿ ಗದರಿಸುವವಳೂ ಅವಳೇ. ಆಯುಷ್ಯವೆಲ್ಲ ಊರಿನ ಬಸ್ಸು ಓಡಿಸಿ ನಿವೃತ್ತಳಾದ ಹೆಂಗಸು. ಆ ಕಡಿದಾದ ಬೀದಿಗಳಲ್ಲಿ ಹಿಮ ಬಿದ್ದಾಗಲೂ ಬಸ್ಸು ಇಳಿಸಿದವಳಿಗೆ ಗಂಡಸರ ಮುಖ ಊದುವುದು ಯಾವ ಲೆಕ್ಕ? ನೆವಿಲ್ ಮಂಡಿ ತಿಕ್ಕಿಕೊಳ್ಳುವವರೆಗೂ ಅವಳು ತನ್ನ ತುದಿಯನ್ನು ತೊಡೆಯ ಮೇಲೆ ಆನಿಸಿಕೊಂಡು ನಿಂತಳು.

ಹೊರಗೆ ನವೆಂಬರ್ ತಿಂಗಳ ಜಡಿಮಳೆ. ಒಳಗೆ ಕ್ರೀಡಾಭವನದಲ್ಲಿ ನೆಲದ ಪಾಲಿಶಿನ ವಾಸನೆ ಮತ್ತು ಕ್ಯಾಂಟೀನಿನಲ್ಲಿ ಹುರಿಯುತ್ತಿದ್ದ ಬೇಕನ್ನಿನ ವಾಸನೆ ಒಂದಕ್ಕೊಂದು ಜಗಳವಾಡುತ್ತಿದ್ದವು. ವರ್ಷಕ್ಕೊಮ್ಮೆ, ಶನಿವಾರ ಭಾನುವಾರ ಎರಡು ದಿನ, ಅಕ್ಕಪಕ್ಕದ ಊರುಗಳ ಸಂಘಗಳೆಲ್ಲ ತಮ್ಮ ತಮ್ಮ ಪುಟ್ಟ ರೈಲ್ವೆಗಳನ್ನು ಇಲ್ಲಿಗೆ ಹೊತ್ತು ತರುತ್ತವೆ. ಕ್ಲೆಗ್‌ಡೆನ್‌ನವರದು ಥಾರ್ನ್‌ಬೆಕ್. ಅಂಥ ಊರು ನಕ್ಷೆಯಲ್ಲಿಲ್ಲ. ಬೋಳುಗುಡ್ಡಗಳ ನಡುವೆ ಒಂದು ಸ್ಟೇಷನ್ನು, ಪಕ್ಕದಲ್ಲಿ ಒಂದು ಜಂಕ್ಷನ್ನು, ಕುರಿ, ಹಳ್ಳ, ಕಲ್ಲಿನ ಸೇತುವೆ, ಉಗಿಬಂಡಿಗಳ ಕಾಲ. ಸಂಘದವರಿಗೆ ಮಾತ್ರ ಅದು ಸ್ವಂತ ಊರಿಗಿಂತ ಹೆಚ್ಚು ಗೊತ್ತು.

ಹಲಗೆಗೆ ಹಲಗೆ ಕೂಡಿಸಿ ಬೋಲ್ಟು ಬಿಗಿದ ಮೇಲೆ ನೆವಿಲ್ ಅಂಗಾತ ಮಲಗಿ ಮೇಜಿನಡಿ ತೂರಿ ವೈರುಗಳನ್ನು ಸಿಕ್ಕಿಸತೊಡಗಿದ. ಮೂಗಿನ ಮೇಲೆ ಪ್ಲಾಸ್ಟರಿನ ಧೂಳು ಉದುರಿತು. ಇದೇ ಕೊನೆ, ಅಂದುಕೊಂಡ. ಕಳೆದ ವರ್ಷವೂ ಇದೇ ಮೇಜಿನಡಿ ಮಲಗಿ ಹಾಗೆಯೇ ಅಂದುಕೊಂಡಿದ್ದ, ಆದರೆ ಈ ಸಲ ಆ ಮಾತಿನಲ್ಲಿ ಕೋಪವಿರಲಿಲ್ಲ. ಬರೀ ಆಯಾಸವಿತ್ತು. ಗಿರಣಿಯಲ್ಲಿ ಉಣ್ಣೆಗೆ ಬಣ್ಣ ಹಾಕಿ ಹಾಕಿ ಸವೆದ ಬೆನ್ನು, ವ್ಯಾನು ತುಂಬಿ ಇಳಿಸಿ ಸವೆದ ಮಂಡಿ, ಇವೆರಡನ್ನೂ ಹೇಗೋ ಸಹಿಸಬಹುದಿತ್ತು. ಒಬ್ಬ ಮನುಷ್ಯನ ಬಾಯಿಂದ ಒಂದು ಮಾತು ಬರಲಿ ಎಂದು ಕಾದು ಕಾದು ಆದ ಸುಸ್ತಿಗೆ ಯಾವ ಮುಲಾಮೂ ಇರಲಿಲ್ಲ.

ಆ ಮನುಷ್ಯ ವಿಲ್ಫ್ ಸಗ್ಡನ್. ನೆವಿಲ್‌ನ ಹೆಂಡತಿ ಆಡ್ರಿಯ ಅಣ್ಣ. ಒಂದು ಕಾಲಕ್ಕೆ ಪ್ರಾಣಸ್ನೇಹಿತ.

ಈ ಬೆಟ್ಟ ಹುಟ್ಟಿದ್ದು ಆಡ್ರಿ ಹಾಸಿಗೆ ಹಿಡಿದ ಚಳಿಗಾಲದಲ್ಲಿ. ನೆವಿಲ್ ಅಡುಗೆಮನೆಯಲ್ಲಿ ಪ್ಲಾಸ್ಟರ್ ಕಲಸುತ್ತಿದ್ದರೆ ಅವಳು ದಿಂಬಿಗೊರಗಿ, ಮಡಿಲಲ್ಲಿ ಟ್ರೇ ಇಟ್ಟುಕೊಂಡು, ಆ ಸೀಮೆಯ ಗುಡ್ಡಗಳ ಮೇಲೆಲ್ಲ ಹರಿದಾಡುವ ಗಾರೆಯಿಲ್ಲದ ಕಲ್ಲುಗೋಡೆಯನ್ನು ಕಟ್ಟಿದಳು. ಜೇಡಿಮಣ್ಣನ್ನು ಸಾಸಿವೆಯಷ್ಟು ಸಣ್ಣಗೆ ಚಿವುಟಿ, ಒಣಗಿಸಿ, ಚಹಾದ ಗಸಿಯಲ್ಲಿ ಅದ್ದಿ ಬಣ್ಣ ಬರಿಸಿ, ಚಿಮುಟದಿಂದ ಒಂದೊಂದೇ ಕಲ್ಲು ಕೂರಿಸಿದಳು. ಸುರಂಗದ ಬಾಯಿಂದ ಹೊರಟ ಗೋಡೆ ಬೆಟ್ಟದ ನೆತ್ತಿ ಮುಟ್ಟುವ ಮೊದಲೇ ಅವಳು ಹೋಗಿಬಿಟ್ಟಳು. ಗೋಡೆ ನಿಂತಲ್ಲಿ ನೆವಿಲ್ ಎರಡು ಕುರಿ ನಿಲ್ಲಿಸಿದ, ಕಲ್ಲು ಕುಸಿದಲ್ಲಿಂದ ಕುರಿ ನುಸುಳಿವೆ ಎಂದು ನೋಡಿದವರು ತಿಳಿದುಕೊಳ್ಳಲಿ ಎಂದು. ಮಿಕ್ಕ ಕಲ್ಲುಗಳನ್ನು ಪೆಪ್ಪರಮಿಂಟಿನ ಡಬ್ಬಿಯೊಂದರಲ್ಲಿ ಹಾಕಿ ತನ್ನ ಸಾಮಾನು ಪೆಟ್ಟಿಗೆಯಲ್ಲಿಟ್ಟ. ಆ ಡಬ್ಬಿ ಅಲ್ಲಿಂದ ಮೇಲೆ ಬರಲಿಲ್ಲ.

ಮರುವರ್ಷದ ಪ್ರದರ್ಶನದಲ್ಲಿ ಆಗಿದ್ದು ಇಷ್ಟು. ಭವನ ಕಿಕ್ಕಿರಿದಿತ್ತು. ಸುರಂಗದೊಳಗೆ ಒಂದು ಎಂಜಿನ್ನು ಹಳಿ ತಪ್ಪಿ ಸಿಕ್ಕಿಕೊಂಡಿತು. ನೆವಿಲ್ ಹಂದಿಮಾಂಸದ ಪೈ ತರಲು ಹೋಗಿದ್ದ. ಮಕ್ಕಳು ಬೇಸರದಿಂದ ಕೂಗಾಡತೊಡಗಿದಾಗ ವಿಲ್ಫ್ ಹಿಂದೆಮುಂದೆ ನೋಡದೆ ಸಣ್ಣ ಗರಗಸ ಎತ್ತಿಕೊಂಡು ಬೆಟ್ಟದ ಮುಂಬದಿಯಲ್ಲಿ ಪುಸ್ತಕದಗಲದ ಕಿಟಕಿ ಕೊಯ್ದ, ಆಡ್ರಿಯ ಗೋಡೆಯ ನಡುಮಧ್ಯದಲ್ಲೇ. ಎಂಜಿನ್ನು ಎಳೆದು ಹಾಕಿ ಕೊಯ್ದ ತುಂಡನ್ನು ಮತ್ತೆ ಮುಚ್ಚಳದ ಹಾಗೆ ಕೂರಿಸಿದ. ನೆವಿಲ್ ಎರಡು ಕೈಯಲ್ಲಿ ಎರಡು ಪೈ ಹಿಡಿದು ಬಂದಾಗ ಕುರಿಗಳು ಗರಗಸ ಉದುರಿಸಿದ ಹೊಟ್ಟಿನಲ್ಲಿ ಮಲಗಿದ್ದವು.

"ಗಾಡಿ ಸಿಕ್ಕಾಕ್ಕೊಂಡಿತ್ತು," ಎಂದಿದ್ದ ವಿಲ್ಫ್. "ಮುಚ್ಚಿದ್ರೆ ಯಾರಿಗೂ ಗೊತ್ತಾಗಲ್ಲ ಬಿಡು."

ಅದೇ ಕೊನೆಯ ಮಾತು. ನೆವಿಲ್ ಪೈಗಳೆರಡನ್ನೂ ಕಸದ ಬುಟ್ಟಿಗೆ ಹಾಕಿ ಬಾಯಿಗೆ ಬೀಗ ಜಡಿದುಕೊಂಡ. ಅವನು ಕಾದಿದ್ದು ತಪ್ಪಾಯ್ತು ಅನ್ನುವ ಒಂದು ಮಾತಿಗೆ. ಹಿಂಬದಿಯ ಹಲಗೆಯ ತಿರುಪು ಬಿಚ್ಚಿದ್ದರೆ ಸಾಕಿತ್ತು, ಕೈ ಒಳಗೆ ಹೋಗುತ್ತಿತ್ತು. ಅಷ್ಟೂ ಹೊಳೆಯಲಿಲ್ಲವೇ ಅವನಿಗೆ ಎಂದು ಸ್ನಾನ ಮಾಡುವಾಗ, ಆಲೂಗಡ್ಡೆ ಸುಲಿಯುವಾಗ, ಬಸ್ಸಿಗೆ ಕಾಯುವಾಗ ಒಳಗೊಳಗೇ ವಾದ ಹೂಡಿದ. ವಿಲ್ಫ್ ಕಾದಿದ್ದು ತಂಗಿಯ ಗಂಡ ಮುಖ ಊದಿಸಿಕೊಂಡಿರುವುದನ್ನು ಬಿಡಲಿ ಎಂದು. ಇಬ್ಬರೂ ಯಾರ್ಕ್‌ಷೈರಿನವರು, ಕಾಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಹತ್ತು ವರ್ಷದ ಮೇಲಾಯಿತು.

ಆ ಕೊಯ್ದ ಗೆರೆಯನ್ನು ಮುಚ್ಚುವುದು ನೆವಿಲ್‌ಗೆ ಒಂದು ಸಂಜೆಯ ಕೆಲಸ. ಅವನು ಮುಚ್ಚಲಿಲ್ಲ. ಪ್ರತಿ ಗುರುವಾರ ಸಂಘದ ಕೋಣೆಯಲ್ಲಿ ವಿಲ್ಫ್ ತನ್ನ ಜಾಗದಲ್ಲಿ ಕೂತು ತಲೆ ಎತ್ತಿದರೆ ಅದೇ ಕಾಣಬೇಕು, ಹಾಗೆ ಬಿಟ್ಟಿದ್ದ. ಇದು ಸಣ್ಣತನ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟಿದ್ದ.

ಮಾತು ಬಿಟ್ಟವರು ಒಂದೇ ರೈಲ್ವೆಯನ್ನು ಹೇಗೆ ನಡೆಸುತ್ತಾರೆ ಎಂದು ಹೊಸಬರು ಕೇಳುತ್ತಿದ್ದರು. ಗಂಟೆ ಬಾರಿಸಿಯೇ. ಥಾರ್ನ್‌ಬೆಕ್‌ನಲ್ಲಿ ಗಾಡಿಗಳು ಮನಸ್ಸು ಬಂದಂತೆ ಓಡುವುದಿಲ್ಲ. ಜಂಕ್ಷನ್ನಿನ ಸಿಗ್ನಲ್ ಕ್ಯಾಬಿನ್ ವಿಲ್ಫ್‌ನದು, ಸ್ಟೇಷನ್ನಿನದು ನೆವಿಲ್‌ನದು, ಬೆಟ್ಟದಾಚೆ ಆಕಾಶ ಬರೆದ ಪರದೆಯ ಹಿಂದೆ ಗಾಡಿಗಳು ಅವಿತು ನಿಲ್ಲುವ ಯಾರ್ಡು ಮಾರ್ಜರಿಯದು. ಒಬ್ಬೊಬ್ಬರ ಮುಂದೆಯೂ ಪುಟ್ಟ ಹಿತ್ತಾಳೆ ಗಂಟೆ. ಒಂದು ಬಡಿತವೆಂದರೆ ಗಮನ ಕೊಡು. ನಾಲ್ಕೆಂದರೆ ಎಕ್ಸ್‌ಪ್ರೆಸ್ ಇದೆ, ತಗೋತೀಯಾ? ಅದನ್ನೇ ತಿರುಗಿ ಬಡಿದರೆ ಒಪ್ಪಿಗೆ. ಎರಡೆಂದರೆ ಗಾಡಿ ಹೊರಟಿತು. ಹೊರಟ ಗಾಡಿಯನ್ನು ಓಡಿಸುವವನು ಕಳಿಸಿದವನಲ್ಲ, ಕರೆಸಿಕೊಂಡವನು. ಕೊನೆಯದಾಗಿ ಅವನು ಬಾರಿಸುವುದು ಎರಡು, ಸ್ವಲ್ಪ ತಡೆದು ಒಂದು: ಗಾಡಿ ಇಡಿಯಾಗಿ ಬಂದು ಸೇರಿತು, ದಾರಿ ಖಾಲಿ.

ಇದನ್ನೆಲ್ಲ ಸಂಘಕ್ಕೆ ಕಲಿಸಿದವನೇ ವಿಲ್ಫ್. ಅವನು ನಿಜವಾದ ರೈಲ್ವೆಯಲ್ಲಿ, ಗುಡ್ಡದ ಮೇಲಿನ ಒಂಟಿ ಕ್ಯಾಬಿನ್ನಿನಲ್ಲಿ, ಆ ದಾರಿಯನ್ನು ಕಿತ್ತುಹಾಕುವವರೆಗೂ ಸಿಗ್ನಲ್ಲಿನ ಸನ್ನೆಕೋಲು ಎಳೆದವನು. ಕೊನೆಯ ಬೋಗಿಯ ಹಿಂದಿನ ಕೆಂಪು ದೀಪ ಕಣ್ಣಾರೆ ಕಾಣದೆ ಗಾಡಿ ಸೇರಿತೆಂದು ಗಂಟೆ ಬಾರಿಸಬಾರದು ಎಂದು ಅವನು ಎಲ್ಲರ ತಲೆಗೂ ತುಂಬಿದ್ದ. ದೀಪ ಕಾಣಲಿಲ್ಲವೆಂದರೆ ಒಂದು ಬೋಗಿ ಕಳಚಿ ಕತ್ತಲಲ್ಲಿ ಎಲ್ಲೋ ನಿಂತಿದೆ. ಹಿಂದೆ ಬರುವ ಗಾಡಿ ಅದಕ್ಕೆ ಗುದ್ದುತ್ತದೆ. ಹಾಗಾಗಿ ಕ್ಲೆಗ್‌ಡೆನ್‌ನವರ ಬೊಂಬೆ ರೈಲಿನ ಹಿಂದೆಯೂ ಗುಂಡುಸೂಜಿ ತಲೆಯಷ್ಟು ಕೆಂಪು ದೀಪವಿರುತ್ತಿತ್ತು. ನೆವಿಲ್ ಅದನ್ನು ನೋಡದೆ ಒಂದು ಸಲವೂ ಗಂಟೆ ಬಾರಿಸಿದವನಲ್ಲ. ವಿಲ್ಫ್‌ನ ಮೇಲಿನ ಕೋಪ ವಿಲ್ಫ್‌ನ ನಿಯಮದ ಮೇಲೆ ಇರಲಿಲ್ಲ.

ಈ ವಸಂತದಲ್ಲಿ ಗಂಟೆಗಳು ತಪ್ಪತೊಡಗಿದವು. ಮೊದಲು ನಾಲ್ಕರ ಬದಲು ಮೂರು. ಆಮೇಲೆ ಒಂದೇ ಗಾಡಿಗೆ ಎರಡು ಸಲ ಕರೆ. ಒಮ್ಮೆ ಗಮನ ಕೊಡು ಎಂದು ಬಾರಿಸಿ ಮುಂದೇನೂ ಹೇಳದೆ ವಿಲ್ಫ್ ತನ್ನ ಕೈಯನ್ನೇ ನೋಡುತ್ತ ಕೂತಿದ್ದ. ಬೇರೆ ಯಾರಿಗೂ ಇದು ಗೊತ್ತಾಗಲಿಲ್ಲ, ಯಾಕೆಂದರೆ ಆ ಗಂಟೆ ಮಾತಾಡುತ್ತಿದ್ದುದು ನೆವಿಲ್‌ನ ಜೊತೆ ಮಾತ್ರ. ಹೆಂಡತಿಯೊಂದಿಗೆ ಮೂವತ್ತು ವರ್ಷ ಬಾಳಿದರೂ ತಿಳಿಯದಂಥದ್ದು ಮಾತು ಬಿಟ್ಟವನ ಗಂಟೆಯಲ್ಲಿ ಅವನಿಗೆ ತಿಳಿಯಿತು. ನೆವಿಲ್ ಬಾಯಿ ಬಿಡಲಿಲ್ಲ. ತಪ್ಪು ಗಂಟೆಗೆ ಸರಿ ಗಂಟೆ ತಿರುಗಿಸಿ ಕೊಟ್ಟ, ಹೊರಡದ ಗಾಡಿಯನ್ನು ಬೆರಳಿಂದ ಮೆಲ್ಲಗೆ ತಳ್ಳಿಕೊಂಡ. ಗುರುವಾರ ಮನೆಗೆ ಹೋದರೆ ಬೂಟು ಬಿಚ್ಚುವಷ್ಟೂ ತ್ರಾಣವಿರುತ್ತಿರಲಿಲ್ಲ.

ವೈರು ಸಿಕ್ಕಿಸಿ ಮೇಜಿನಡಿಯಿಂದ ಹೊರಬಂದಾಗ ಎದುರಿಗೆ ವಿಲ್ಫ್‌ನ ಮಗಳು ಹಿಲರಿ ನಿಂತಿದ್ದಳು. ಆಚೆ ಜಂಕ್ಷನ್ನಿನ ಹತ್ತಿರ ವಿಲ್ಫ್ ತನ್ನ ಟೋಪಿಯನ್ನು ಮೊಳೆಗೆ ತೂಗುಹಾಕುತ್ತಿದ್ದ. ಟೈ ಕಟ್ಟಿದ್ದ, ಗಡ್ಡದಲ್ಲಿ ಅಲ್ಲೊಂದು ಇಲ್ಲೊಂದು ಜಾಗ ಕ್ಷೌರದ ಕತ್ತಿಗೆ ಸಿಗದೆ ಉಳಿದಿತ್ತು.

ಡಾಕ್ಟರು ಹೇಳಿದ್ದನ್ನು ಹಿಲರಿ ತಗ್ಗಿದ ದನಿಯಲ್ಲಿ ಒಪ್ಪಿಸಿದಳು. ನೆವಿಲ್ ಅಂದಾಜು ಮಾಡಿದ್ದಕ್ಕಿಂತ ಮರೆವಿನ ರೋಗ ಮುಂದೆ ಹೋಗಿತ್ತು. ಒಲೆ ಹಚ್ಚಿ ಮರೆಯುತ್ತಾನೆ, ಮೊನ್ನೆ ಪೇಟೆಯಲ್ಲಿ ದಾರಿ ತಪ್ಪಿದ್ದ, ಆದರೆ ಗುರುವಾರ ಮಾತ್ರ ಬೆಳಿಗ್ಗೆಯೇ ಎದ್ದು ಟೈ ಕಟ್ಟುತ್ತಾನೆ.

"ನಿಜ ಹೇಳು ಮಾವ," ಎಂದಳು. "ಇಲ್ಲೂ ತಪ್ಪು ಮಾಡ್ತಿದಾನಾ? ಅಷ್ಟು ಜನದ ಎದುರಿಗೆ ಅಪ್ಪ ನಗೆಪಾಟಲಾಗೋದು ಬೇಡ. ಆಗಲ್ಲ ಅಂದ್ರೆ ಈಗ್ಲೇ ಕರ್ಕೊಂಡು ಹೋಗ್ತೀನಿ."

ನೆವಿಲ್ ಕೈಯ ಧೂಳು ಒರೆಸಿಕೊಂಡ. ವಿಲ್ಫ್ ಮನೆಗೆ ಹೋದರೆ ಮತ್ತೆ ಈ ಕಡೆ ಬರುವುದಿಲ್ಲ. ಬರದಿದ್ದರೆ ಆ ಮಾತೂ ಬರುವುದಿಲ್ಲ. ಅವನ ತಲೆಯಿಂದ ಒಂದೊಂದೇ ಜಾರುತ್ತಿರುವಾಗ ಆ ಬೆಟ್ಟದ ಸರದಿ ಯಾವಾಗಲೋ ಯಾರು ಬಲ್ಲರು. ಈ ಎರಡು ದಿನದಲ್ಲಿ ಆಗಬೇಕು, ಇಲ್ಲದಿದ್ದರೆ ಆಗಲಿಲ್ಲ. ಹುಡುಗಿಯ ಮುಖ ನೋಡಿ ಸುಳ್ಳು ಹೇಳಲು ಅವನಿಗೆ ನಾಚಿಕೆಯಾಯಿತು, ಆದರೂ ಹೇಳಿದ.

"ಏನೂ ತೊಂದರೆ ಇಲ್ಲಮ್ಮ. ನಮ್ಮೆಲ್ಲರಿಗಿಂತ ಅವನೇ ವಾಸಿ."

ಬಾಗಿಲು ತೆರೆದರು. ಒದ್ದೆ ಕೋಟುಗಳು, ಅಳುವ ಕೂಸುಗಳು, ಕುತ್ತಿಗೆಗೆ ಕ್ಯಾಮೆರಾ ತೂಗುಹಾಕಿಕೊಂಡ ಗಂಡಸರು. ಪ್ರದರ್ಶನಕ್ಕೆ ಬರುವವರಲ್ಲಿ ಎಲ್ಲವನ್ನೂ ಬಲ್ಲವನು ಒಬ್ಬ ಇದ್ದೇ ಇರುತ್ತಾನೆ. ಈ ವರ್ಷ ಅವನು ನೀಲಿ ಮಳೆಯಂಗಿ ತೊಟ್ಟು, ಥರ್ಮಾಸ್ ಫ್ಲಾಸ್ಕ್ ಹಿಡಿದು, ನೆವಿಲ್‌ನ ಎದುರಿಗೇ ಠಿಕಾಣಿ ಹೂಡಿದ. ಹುಲ್ಲಿನ ಬಣ್ಣ, ಲ್ಯಾಂಪಿನ ಎತ್ತರ, ಕುರಿಯ ಜಾತಿ, ಒಂದೊಂದರಲ್ಲೂ ಕುಂದು ಹುಡುಕಿದ. ಆ ಬೆಟ್ಟದ ಮೇಲಿನ ಗೆರೆ ಏನು ಎಂದೂ ಕೇಳಿದ. ಭೂಕಂಪ ಎಂದ ನೆವಿಲ್.

ಬೆಳಗಿನ ಹೊತ್ತು ವಿಲ್ಫ್ ಚೆನ್ನಾಗಿಯೇ ನಡೆಸಿದ. ಅವನ ತಲೆಗೆ ಮರೆತದ್ದು ಬೆರಳಿಗೆ ಮರೆತಿರಲಿಲ್ಲ. ಗಂಟೆಗಳು ಹಳೇ ಕಾಲದಂತೆ ಚೊಕ್ಕವಾಗಿ ಬಂದವು. ನೆವಿಲ್ ಮನಸ್ಸು ಹಗುರಾಗಿ ಎರಡು ಸಲ ಅವನ ಕಡೆ ನೋಡಿದ. ವಿಲ್ಫ್ ನೋಡಲಿಲ್ಲ. ಮಧ್ಯಾಹ್ನ ಚಹಾ ಕುಡಿಯುವಾಗ ಇಬ್ಬರೂ ಅಕ್ಕಪಕ್ಕದಲ್ಲೇ ನಿಂತಿದ್ದರು. ನೆವಿಲ್ ಗಂಟಲು ಸರಿಮಾಡಿಕೊಂಡ. ವಿಲ್ಫ್ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಮುರಿದು ತಳ ಸೇರಿದ್ದನ್ನು ದುಃಖದಿಂದ ನೋಡಿ, ತನ್ನ ಕ್ಯಾಬಿನ್ನಿಗೆ ಹೊರಟುಹೋದ.

ಮೂರು ಗಂಟೆ ದಾಟಿದ ಮೇಲೆ ಲಂಡನ್ ಎಕ್ಸ್‌ಪ್ರೆಸ್ ಬಂತು. ವಿಲ್ಫ್ ಕರೆದ, ನೆವಿಲ್ ಒಪ್ಪಿದ, ಕಡುಗೆಂಪು ಬೋಗಿಗಳ ಉದ್ದನೆಯ ಗಾಡಿ ಸ್ಟೇಷನ್ನನ್ನು ಸೀಳಿಕೊಂಡು ಸುರಂಗ ಹೊಕ್ಕು ಮಾರ್ಜರಿಯ ಯಾರ್ಡು ಸೇರಿತು. ದೀಪ ಕಂಡಿತು, ಗಂಟೆ ಆಯಿತು. ಪ್ರೇಕ್ಷಕರಿಗೂ ಖುಷಿಯಾಯಿತು. ಮುಂದಿನ ಗಾಡಿ ಕಲ್ಲಿದ್ದಲಿನದು. ಅದು ನೆವಿಲ್‌ನ ಪಕ್ಕದ ಹಳಿಯಲ್ಲಿ ಹೊರಡಲು ಸಿದ್ಧವಾಗಿ ನಿಂತಿತ್ತು.

ಜಂಕ್ಷನ್ನಿನಿಂದ ಗಂಟೆ ಹೊಡೆಯಿತು. ಒಂದು. ನೆವಿಲ್ ಉತ್ತರ ಕೊಟ್ಟ. ಆಮೇಲೆ ನಾಲ್ಕು.

ನೆವಿಲ್‌ನ ಕೈ ಗಂಟೆಯ ಮೇಲೆ ಹಾಗೆಯೇ ನಿಂತಿತು. ಎಕ್ಸ್‌ಪ್ರೆಸ್ ಈಗಷ್ಟೇ ಹೋಗಿದೆ. ಜಂಕ್ಷನ್ನಿನಲ್ಲಿ ಕಣ್ಣಾಡಿಸಿದ, ಹಳಿಗಳು ಖಾಲಿ. ವಿಲ್ಫ್ ಸನ್ನೆಕೋಲುಗಳನ್ನು ಒಂದೊಂದಾಗಿ ಎಳೆದು, ಬೆನ್ನು ನೆಟ್ಟಗೆ ಮಾಡಿ, ಒಪ್ಪಿಗೆಗೆ ಕಾಯುತ್ತಿದ್ದ. ಅವನ ಮುಖದಲ್ಲಿ ಗೊಂದಲದ ಸುಳಿವೇ ಇರಲಿಲ್ಲ. ಹಿಲರಿ ಕ್ಯಾಂಟೀನಿನಿಂದ ಬಂದು ಅಪ್ಪನ ಹಿಂದೆಯೇ ನಿಂತಿದ್ದಳು.

ಒಪ್ಪದಿದ್ದರೆ ಅವನು ಮತ್ತೆ ಬಾರಿಸುತ್ತಾನೆ. ಮತ್ತೆ ಮತ್ತೆ ಬಾರಿಸುತ್ತಾನೆ. ಯಾರಾದರೂ ಹೋಗಿ ಅವನಿಗೆ ಹೇಳಬೇಕಾಗುತ್ತದೆ. ನೆವಿಲ್ ನಾಲ್ಕು ಬಾರಿಸಿದ.

ಎರಡು ಬಂತು. ಗಾಡಿ ಹೊರಟಿತು.

ವಿಲ್ಫ್‌ನ ತಲೆ ಮೆಲ್ಲಗೆ ತಿರುಗತೊಡಗಿತು. ಬರಿಯ ಹಳಿಯ ಮೇಲೆ ಅವನ ಕಣ್ಣು ಒಂದೇ ವೇಗದಲ್ಲಿ ಜಾರುತ್ತಾ ಸೇತುವೆ ದಾಟಿತು, ಹಳ್ಳ ದಾಟಿತು. ನೆವಿಲ್ ಕಲ್ಲಿದ್ದಲಿನ ಗಾಡಿಯನ್ನು ಹೊರಡದಂತೆ ತಡೆದಿಟ್ಟ. ಎಕ್ಸ್‌ಪ್ರೆಸ್ಸಿಗೆ ದಾರಿ ಕೊಡಲು ಸಿಗ್ನಲ್ ಇಳಿಸಿದ. ವೇಗದ ಗುಂಡಿಗೆ ಕೈಯಿಟ್ಟು, ಇಲ್ಲದ ಎಕ್ಸ್‌ಪ್ರೆಸ್ಸನ್ನು ವಿಲ್ಫ್‌ನ ಕಣ್ಣಿನ ನಡಿಗೆಗೆ ಸರಿಯಾಗಿ ತಿರುವಿನಲ್ಲಿ ನಿಧಾನಿಸಿ, ನೇರದಲ್ಲಿ ಬಿಟ್ಟ. ನಂತರ ಮಾರ್ಜರಿಗೆ ನಾಲ್ಕು ಬಾರಿಸಿದ.

ಪರದೆಯ ಮೇಲಿಂದ, ಬರೆದ ಮೋಡಗಳ ನಡುವೆ, ಮಾರ್ಜರಿಯ ಮುಖ ಎದ್ದಿತು. ಆ ಎಕ್ಸ್‌ಪ್ರೆಸ್ ಅವಳ ಮೊಣಕೈ ಹತ್ತಿರವೇ, ಚಹಾದ ಲೋಟದ ಪಕ್ಕದಲ್ಲಿ ನಿಂತಿತ್ತು. ಅವಳು ನೆವಿಲ್‌ನನ್ನು ನೋಡಿದಳು, ವಿಲ್ಫ್‌ನನ್ನು ನೋಡಿದಳು. ಮುಖ ಕೆಳಗಿಳಿಯಿತು. ನಾಲ್ಕು ಬಡಿತ ತಿರುಗಿ ಬಂದವು.

"ಏನ್ರೀ ಇದು," ಎಂದ ನೀಲಿ ಮಳೆಯಂಗಿಯವನು. "ಸಿಗ್ನಲ್ ಬಿಟ್ಟಿದೀರಿ, ಗಾಡಿನೇ ಇಲ್ಲ."

"ಹೋಗ್ತಾ ಇದೆ ನೋಡಿ," ಎಂದ ನೆವಿಲ್.

"ನನಗೆ ಕಾಣ್ತಿಲ್ಲ."

"ಹಾಗಾದ್ರೆ ಸ್ವಲ್ಪ ಹಿಂದೆ ಸರೀರಿ. ಕನ್ನಡಕಕ್ಕೆ ಹೊಗೆ ಹಿಡಿದೀತು."

ಯಾರೋ ನಕ್ಕರು. ನೆವಿಲ್‌ಗೆ ನಗು ಬರಲಿಲ್ಲ. ವಿಲ್ಫ್‌ನ ಕಣ್ಣು ಪ್ಲಾಟ್‌ಫಾರ್ಮಿನುದ್ದಕ್ಕೂ ಹಾದು ಬರುತ್ತಿತ್ತು. ಈಗ ಉಳಿದದ್ದು ಕಷ್ಟದ ಕೆಲಸ. ಗಾಡಿ ಇಡಿಯಾಗಿ ಬಂತು, ದೀಪ ಕಂಡೆ ಎಂದು ಅವನು ಗಂಟೆ ಬಾರಿಸಬೇಕು. ಬಾರಿಸದಿದ್ದರೆ ವಿಲ್ಫ್‌ನ ದಾರಿ ತುಂಬಿದ ಹಾಗೆಯೇ ಉಳಿಯುತ್ತದೆ, ಅವನು ಮುಂದಿನ ಗಾಡಿ ಬಿಡುವುದಿಲ್ಲ, ಸಂಜೆವರೆಗೂ ಕೂತು ಕಾಯುತ್ತಾನೆ. ಕಾಣದ ದೀಪಕ್ಕೆ ಗಂಟೆ ಬಾರಿಸಬೇಡಿ ಎಂದು ಕಲಿಸಿದವನು ಆ ಗಂಟೆಗಾಗಿಯೇ ಕಿವಿಗೊಟ್ಟು ಕೂತಿದ್ದ. ನೆವಿಲ್ ಗಾಡಿಯನ್ನು ಸುರಂಗದೊಳಗೆ ಹೋಗಗೊಟ್ಟ. ಕೊನೆಯ ಬೋಗಿ ದಾಟುವಷ್ಟು ಹೊತ್ತು ತಡೆದ. ಎರಡು ಬಾರಿಸಿ, ನಿಲ್ಲಿಸಿ, ಒಂದು ಬಾರಿಸಿದ.

ವಿಲ್ಫ್ ತಲೆಯಾಡಿಸಿ ಸಿಗ್ನಲ್ಲುಗಳನ್ನು ಮತ್ತೆ ಏರಿಸಿದ. ಹಿಲರಿ ಏನೂ ಅರಿಯದೆ ಅಪ್ಪನ ಕಾಲರ್ ಸರಿಮಾಡಿದಳು. ನೆವಿಲ್ ಕಲ್ಲಿದ್ದಲಿನ ಗಾಡಿಯನ್ನು ಬಿಟ್ಟು ಸ್ಟೂಲಿನ ಮೇಲೆ ಕುಸಿದು ಕೂತ. ಮಾರ್ಜರಿ ಬಂದು ಅವನ ಎದುರಿಗೆ ಸಕ್ಕರೆ ಹೆಚ್ಚಿಗೆ ಹಾಕಿದ ಚಹಾ ಇಟ್ಟು ಯಾರ್ಡಿಗೆ ಮರಳಿದಳು.

ಐದಕ್ಕೆ ಬಾಗಿಲು ಹಾಕಿದರು. ಮಾರ್ಜರಿ ಲೋಟ ತೊಳೆಯಲು ಹೋದಳು. ನೆವಿಲ್ ಎಂಜಿನ್ನುಗಳ ಮೇಲೆ ಬಟ್ಟೆ ಹೊದಿಸುತ್ತಿದ್ದಾಗ ಹೆಜ್ಜೆ ಸದ್ದಾಯಿತು. ಹಿಲರಿ ಕೋಟು ಹಿಡಿದು ಹಿಂದೆ ಬರುತ್ತಿದ್ದರೆ ವಿಲ್ಫ್ ಮೇಜನ್ನು ಸುತ್ತಿ ಇತ್ತ ಬಂದ. ಅಷ್ಟು ವರ್ಷದಲ್ಲಿ ಅವನು ಈ ಬದಿಗೆ ಕಾಲಿಟ್ಟವನಲ್ಲ. ಬೆಟ್ಟದ ಎದುರಿಗೆ ನಿಂತು ಬಗ್ಗಿದ. ಬೆರಳು ಚಾಚಿ ಕೊಯ್ದ ಗೆರೆಯ ಮೇಲೆ ಇಟ್ಟ.

ಬಂತು, ಅಂದುಕೊಂಡ ನೆವಿಲ್. ಅವನು ತಪ್ಪಾಯ್ತು ಅಂದರೆ ತಾನು ಏನು ಹೇಳುವುದೆಂದು ಈವರೆಗೂ ಯೋಚಿಸಿಯೇ ಇಲ್ಲವೆಂದು ಆಗ ಹೊಳೆಯಿತು.

"ನೆವಿಲ್," ಎಂದ ವಿಲ್ಫ್. "ಇದನ್ನ ಕುಯ್ದಿದ್ದು ಯಾರು?"

ಅಣಕವೆಂದು ನೆವಿಲ್‌ನ ಮುಖಕ್ಕೆ ರಕ್ತ ಏರಿತು. ತಿರುಗಿ ನೋಡಿದ. ವಿಲ್ಫ್‌ನ ಕಣ್ಣಲ್ಲಿ ಅಣಕವಿರಲಿಲ್ಲ. ಅವನು ಮೊಟ್ಟಮೊದಲ ಬಾರಿ ಕಾಣುತ್ತಿರುವವನಂತೆ ಗೆರೆಯ ಉದ್ದಕ್ಕೂ ಬೆರಳಾಡಿಸುತ್ತಿದ್ದ.

"ಆಡ್ರಿ ಕೈಕೆಲಸ ಅಲ್ವಾ ಇದು? ಎಂಥಾ ಗೋಡೆ. ಯಾವ ಮುಠ್ಠಾಳ ಇದರ ಮೇಲೆ ಗರಗಸ ಎಳೆದ?"

ಹಿಲರಿಯ ಕೈಯಲ್ಲಿ ಕೋಟು ಹಾಗೇ ನಿಂತಿತು. ಅವಳಿಗೆ ಎಲ್ಲವೂ ಗೊತ್ತಿತ್ತು. ಎರಡೂ ಮನೆಗಳ ಕ್ರಿಸ್‌ಮಸ್ ಊಟ ಬೇರೆಯಾದದ್ದೇ ಈ ಬೆಟ್ಟದಿಂದ. ಅವಳು ನೆವಿಲ್‌ನನ್ನು ನೋಡಿದಳು, ಆದರೆ ಏನನ್ನೂ ಬೇಡಲಿಲ್ಲ.

ನೀನೇ. ಆ ಶಬ್ದ ನೆವಿಲ್‌ನ ನಾಲಗೆಯ ತುದಿಯಲ್ಲಿತ್ತು. ಹೇಳಿದರೆ ವಿಲ್ಫ್ ನಂಬುತ್ತಾನೆ. ಪಾಪ, ನಂಬಿ ಒದ್ದಾಡುತ್ತಾನೆ, ತಪ್ಪಾಯ್ತು ಎಂದೂ ಅಂದಾನು. ಆದರೆ ಆ ತಪ್ಪು ಮಾಡಿದವನು ಈಗ ಅಲ್ಲಿರಲಿಲ್ಲ. ಇಷ್ಟು ವರ್ಷ ಇಬ್ಬರೂ ಸೇರಿ ಹೊತ್ತಿದ್ದೇವೆಂದು ನಂಬಿದ್ದ ಜಗಳದ ಇನ್ನೊಂದು ತುದಿಯನ್ನು ವಿಲ್ಫ್ ಯಾವಾಗಲೋ ಕೆಳಗಿಟ್ಟು ಹೋಗಿದ್ದ. ನೆವಿಲ್ ಒಬ್ಬನೇ ಹೊತ್ತು ನಿಂತಿದ್ದ. ಅವನಿಗೆ ಸಿಟ್ಟು ಬಂತು, ಅಳು ಬಂತು, ಎಲ್ಲಕ್ಕಿಂತ ಹೆಚ್ಚಾಗಿ ಕೂತುಬಿಡಬೇಕೆನಿಸಿತು.

"ನಾನೇ," ಎಂದ. "ಒಳಗೆ ಗಾಡಿ ಸಿಕ್ಕಾಕ್ಕೊಂಡಿತ್ತು."

"ಅದಕ್ಕೆ ಹೀಗೆ ಕುಯ್ಯೋದಾ? ನಿಂಗೆ ಯಾವಾಗ್ಲೂ ಅವಸರ." ವಿಲ್ಫ್ ತಲೆ ಕೊಡವಿದ. "ಹಿಂದುಗಡೆ ಹಲಗೆ ಬಿಚ್ಚಿದ್ರೆ ಆರಾಮಾಗಿ ಕೈ ಹೋಗ್ತಿತ್ತಲ್ಲೋ. ಅಷ್ಟೂ ಹೊಳೀಲಿಲ್ವಾ?"

"ಇಲ್ಲ," ಎಂದ ನೆವಿಲ್. "ತಪ್ಪಾಯ್ತು, ವಿಲ್ಫ್."

"ನನಗ್ಯಾಕೆ ಹೇಳ್ತೀಯ, ಆಡ್ರಿಗೆ ಹೇಳು. ನಾಳೆ ನೋಡೋಕೆ ಬರ್ತಾಳಲ್ಲ." ವಿಲ್ಫ್ ದನಿ ತಗ್ಗಿಸಿದ. "ಅಷ್ಟರೊಳಗೆ ಮುಚ್ಚಿಬಿಡು ಮಾರಾಯ. ನಾನೇನೂ ಬಾಯಿ ಬಿಡಲ್ಲ."

ಹಿಲರಿ ಮುಖ ತಿರುಗಿಸಿಕೊಂಡು ಕೋಟಿನ ಗುಂಡಿಗಳನ್ನು ಸುಮ್ಮಸುಮ್ಮನೆ ಹಾಕಿ ತೆಗೆದಳು. ನೆವಿಲ್ ಮಂಡಿಯೂರಿ ಮೇಜಿನಡಿಯಿಂದ ಸಾಮಾನು ಪೆಟ್ಟಿಗೆ ಎಳೆದ. ಪ್ಲಾಸ್ಟರಿನ ಪೊಟ್ಟಣ, ಅಂಟು, ಒಣಹುಲ್ಲಿನ ಬಣ್ಣಬಣ್ಣದ ಪುಡಿಗಳು, ತಳದಲ್ಲಿ ಪೆಪ್ಪರಮಿಂಟಿನ ಡಬ್ಬಿ. ಅದರ ಮುಚ್ಚಳ ಬಿಗಿದುಹೋಗಿತ್ತು. ಅವನು ತಿಣುಕುವುದನ್ನು ಕಂಡು ವಿಲ್ಫ್ ಡಬ್ಬಿ ಕಸಿದುಕೊಂಡು ಹೆಬ್ಬೆರಳಿನಿಂದ ಮೀಟಿ ತೆಗೆದುಕೊಟ್ಟ. ಚಹಾದ ಬಣ್ಣದ ಪುಟ್ಟ ಕಲ್ಲುಗಳು ಹಾಗೆಯೇ ಇದ್ದವು, ಎರಡು ಗೋಡೆಗಾಗುವಷ್ಟು.

ವಿಲ್ಫ್ ಸ್ಟೂಲು ಎಳೆದುಕೊಂಡು ಕೂತು ದೀಪ ಹಿಡಿದ. ನೆವಿಲ್ ಗೆರೆಗೆ ಪ್ಲಾಸ್ಟರ್ ತುಂಬಿ, ಒದ್ದೆಯಿರುವಾಗಲೇ ಚಿಮುಟದಿಂದ ಕಲ್ಲು ಕೂರಿಸುತ್ತ ಹೋದ. ಲೋಟ ತೊಳೆದು ಬಂದ ಮಾರ್ಜರಿ ದೂರದಲ್ಲೇ ನಿಂತಳು. ಗೋಡೆ ಮುಗಿದ ಮೇಲೆ ಅವನು ಅಂಗೈಯಲ್ಲಿ ಹುಲ್ಲಿನ ಪುಡಿ ಬೆರೆಸಿದ.

"ಹಸಿರು ಜಾಸ್ತಿ ಆಯ್ತು," ಎಂದ ವಿಲ್ಫ್. "ಈ ಚಳೀಲಿ ಗುಡ್ಡದ ಮೇಲೆ ಇಷ್ಟು ಹಸಿರು ಎಲ್ಲಿರುತ್ತೋ?"

ಆಯುಷ್ಯವೆಲ್ಲ ಬಣ್ಣ ಬೆರೆಸಿದ ನೆವಿಲ್ ಅಂಗೈ ನೋಡಿಕೊಂಡ. ಆಮೇಲೆ ಒಂದು ಚಿಟಿಕೆ ಕಂದು ಸೇರಿಸಿ ವಿಲ್ಫ್‌ನ ಮುಂದೆ ಹಿಡಿದು, ಈಗ ಸರಿಯಾಯಿತೇ ಎಂದು ಕೇಳಿದ.